ಪಿಎಚ್ ಮೀಟರ್ ತೋರಿಸುವ ಅಂಕಿಯನ್ನು ನಂಬುವ ಮುಂಚೆ: ಹೈಡ್ರೋಪೋನಿಕ್ಸ್ ಬೆಳೆಗಾರರಿಗೆ ಸಮಗ್ರ ಮಾರ್ಗದರ್ಶಿ

ಒಮ್ಮೆ ನನ್ನ ಲೆಟಿಸ್ ಗಿಡಗಳ ಹೊಸ ಎಲೆಗಳು ಹಳದಿಯಾಗಲು ಶುರುವಾದವು. ಎಲೆಯ ನರಗಳು ಹಸಿರು, ನಡುವಿನ ಭಾಗವೆಲ್ಲ ಹಳದಿ. ಕಬ್ಬಿಣದ ಕೊರತೆ ಹೀಗೇ ಕಾಣುತ್ತದೆ. ಟ್ಯಾಂಕಿಗೆ ಮೀಟರ್ ಅದ್ದಿದೆ. 6.0 ಅಂತ ತೋರಿಸಿತು. ಪಿಎಚ್, ಅಂದರೆ ನೀರಿನ ಹುಳಿಯ ಅಳತೆ, ಸರಿಯಾಗಿಯೇ ಇದೆ ಅಂದುಕೊಂಡು ಇನ್ನಷ್ಟು ಕಬ್ಬಿಣ ಹಾಕಿದೆ. ಗಿಡ ಚೇತರಿಸಿಕೊಳ್ಳಲಿಲ್ಲ. ಒಂದು ವಾರ ಕಳೆದ ಮೇಲೆ ಮೀಟರನ್ನು 7.00 ಬಫರ್ ದ್ರಾವಣದಲ್ಲಿ (ಪಿಎಚ್ ಎಷ್ಟು ಅಂತ ಮೊದಲೇ ಗೊತ್ತಿರುವ ದ್ರಾವಣ) ಅದ್ದಿ ನೋಡಿದೆ. ಅದು 6.1 ತೋರಿಸಿತು. ಅಂದರೆ ಟ್ಯಾಂಕಿನ ನಿಜವಾದ ಪಿಎಚ್ 6.9ರ ಹತ್ತಿರ ಇತ್ತು. ಕಬ್ಬಿಣ ಟ್ಯಾಂಕಿನಲ್ಲೇ ಇತ್ತು, ಗಿಡಕ್ಕೆ ಸಿಗುತ್ತಿರಲಿಲ್ಲ.

ಪಿಎಚ್ ಮೀಟರಿನ ದೊಡ್ಡ ತೊಂದರೆ ಇದೇ. ಅದು ಕೆಟ್ಟರೂ ಬಾಯಿ ಬಿಟ್ಟು ಹೇಳುವುದಿಲ್ಲ. ತಪ್ಪು ಅಂಕಿಯನ್ನೂ ಅಷ್ಟೇ ಸ್ಪಷ್ಟವಾಗಿ, ಎರಡು ದಶಮಾಂಶದವರೆಗೆ ತೋರಿಸುತ್ತದೆ. ಮಣ್ಣಿನಲ್ಲಿ ಬೆಳೆಯುವಾಗ ಸಣ್ಣಪುಟ್ಟ ಏರುಪೇರನ್ನು ಮಣ್ಣೇ ತಡೆದುಕೊಳ್ಳುತ್ತದೆ. ಬರೀ ನೀರಿನಲ್ಲಿ ಬೇರು ಬಿಟ್ಟ ಗಿಡಕ್ಕೆ ಆ ಆಸರೆ ಇಲ್ಲ. ಹೆಚ್ಚಿನ ಬೆಳೆಗಳಿಗೆ 5.5ರಿಂದ 6.5ರ ನಡುವೆ ಪಿಎಚ್ ಇರಬೇಕು. ಅದಕ್ಕಿಂತ ಮೇಲೆ ಹೋದರೆ ಕಬ್ಬಿಣ, ಮ್ಯಾಂಗನೀಸ್, ರಂಜಕ ಸಿಗುವುದು ಕಷ್ಟ. ತೀರಾ ಕೆಳಗಿಳಿದರೆ ಬೇರಿಗೇ ಪೆಟ್ಟು. ಇನ್ನೊಂದು ವಿಷಯ: ಪಿಎಚ್ ಲೆಕ್ಕ ಹತ್ತರ ಪಟ್ಟಿನಲ್ಲಿ ನಡೆಯುತ್ತದೆ. 6ಕ್ಕಿಂತ 5 ಹತ್ತು ಪಟ್ಟು ಹುಳಿ. ಬರೀ 0.3 ವ್ಯತ್ಯಾಸ ಅಂದರೂ ಸುಮಾರು ಎರಡು ಪಟ್ಟು. ಹಾಗಾಗಿ ಮೀಟರ್ 'ಸ್ವಲ್ಪ' ತಪ್ಪಿದೆ ಅನ್ನುವ ಮಾತಿಗೆ ಇಲ್ಲಿ ಜಾಸ್ತಿ ಬೆಲೆ ತೆರಬೇಕಾಗುತ್ತದೆ.

ಮೀಟರಿನ ಒಳಗೆ ನಡೆಯುವುದೇನು

ಇದನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನ ಹಂತಗಳನ್ನು ನೆನಪಿಟ್ಟುಕೊಳ್ಳುವುದು ಸುಲಭ.

ಪಿಎಚ್ ಅಳತೆಯನ್ನು 1909ರಲ್ಲಿ ಹುಟ್ಟುಹಾಕಿದವರು ಡೆನ್ಮಾರ್ಕಿನ ರಸಾಯನ ವಿಜ್ಞಾನಿ ಸೋರೆನ್ಸನ್. ಬಿಯರ್ ತಯಾರಿಸುವ ಕಾರ್ಲ್ಸ್‌ಬರ್ಗ್ ಕಂಪನಿಯ ಪ್ರಯೋಗಾಲಯದಲ್ಲಿ ಅವರು ಕೆಲಸ ಮಾಡುತ್ತಿದ್ದರು. 1934ರಲ್ಲಿ ಅಮೆರಿಕದ ಆರ್ನಾಲ್ಡ್ ಬೆಕ್ಮನ್ ನಿಂಬೆರಸದ ಹುಳಿ ಅಳೆಯಲು ಒಂದು ಮೀಟರ್ ಕಟ್ಟಿಕೊಟ್ಟರು. ಇವತ್ತು ನಮ್ಮ ಕೈಯಲ್ಲಿರುವ ಪೆನ್ ಮೀಟರ್ ಕೂಡ ಅದೇ ತತ್ವದ ಮೇಲೆ ನಡೆಯುತ್ತದೆ.

ಮೀಟರಿನ ತುದಿಯಲ್ಲಿ ತೆಳ್ಳನೆಯ ಗಾಜಿನ ಬಲ್ಬ್ ಇರುತ್ತದೆ. ಅದರ ಹೊರಮೈ ನೀರು ಕುಡಿದು ಒಂದು ತೇವದ ಪದರ ಮಾಡಿಕೊಂಡಿರುತ್ತದೆ. ನಾವು ಅದ್ದಿದ ನೀರಿನ ಹುಳಿಗೆ ತಕ್ಕಂತೆ ಆ ಪದರದಲ್ಲಿ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಅದನ್ನು ಹೋಲಿಸಿ ನೋಡಲು ಇನ್ನೊಂದು ಎಲೆಕ್ಟ್ರೋಡ್ ಬೇಕು. ಅದನ್ನು ರೆಫರೆನ್ಸ್ ಅನ್ನುತ್ತಾರೆ. ಅದು ಪೊಟ್ಯಾಸಿಯಂ ಕ್ಲೋರೈಡ್ ಉಪ್ಪಿನ ದ್ರಾವಣ ಅಥವಾ ಜೆಲ್ ಒಳಗೆ ಕುಳಿತಿರುತ್ತದೆ. ಬಲ್ಬಿನ ಪಕ್ಕದಲ್ಲಿ ಕಾಣುವ ಚಿಕ್ಕ ಬಿಳಿ ಚುಕ್ಕೆ ಅಥವಾ ಬಟ್ಟೆಯಂಥ ತುಂಡು ಜಂಕ್ಷನ್. ಒಳಗಿನ ಉಪ್ಪಿಗೂ ಹೊರಗಿನ ನೀರಿಗೂ ಸಂಪರ್ಕ ಆಗುವುದು ಅಲ್ಲಿಂದ.

ಗಾಜು ಒಣಗಬಾರದು, ಜಂಕ್ಷನ್ ಕಟ್ಟಿಕೊಳ್ಳಬಾರದು, ಒಳಗಿನ ಉಪ್ಪು ಸೋರಿ ಖಾಲಿಯಾಗಬಾರದು. ಮೀಟರಿನ ಆರೈಕೆಯೆಲ್ಲ ಈ ಮೂರರ ಸುತ್ತಲೇ ಇದೆ.

ಹೊಸ ಎಲೆಕ್ಟ್ರೋಡ್ ಪಿಎಚ್ 7ರಲ್ಲಿ ಸುಮಾರು 0 ಮಿಲಿವೋಲ್ಟ್ ಕೊಡುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪ್ರತಿ ಒಂದು ಪಿಎಚ್ ವ್ಯತ್ಯಾಸಕ್ಕೆ 59.16 ಮಿಲಿವೋಲ್ಟ್ ಬದಲಾಗಬೇಕು. ಗಾಜು ಹಳೆಯದಾದಂತೆ ಎರಡೂ ಜಾರುತ್ತವೆ. ಸೊನ್ನೆ ಜಾರಿದ್ದಕ್ಕೆ ಆಫ್‌ಸೆಟ್ ಅಂತಲೂ, ಪ್ರತಿ ಪಿಎಚ್‌ಗೆ ಸಿಗುವ ಮಿಲಿವೋಲ್ಟ್‌ಗೆ ಸ್ಲೋಪ್ ಅಂತಲೂ ಹೆಸರು. ತೂಕದ ಯಂತ್ರವನ್ನು ನೆನಪಿಸಿಕೊಳ್ಳಿ. ಏನೂ ಇಡದಿದ್ದಾಗ ಸೊನ್ನೆ ತೋರಿಸಬೇಕು, 1 ಕಿಲೋ ಬಟ್ಟು ಇಟ್ಟಾಗ 1 ಕಿಲೋ ತೋರಿಸಬೇಕು. ಕ್ಯಾಲಿಬ್ರೇಷನ್ ಅಂದರೆ ಈ ಎರಡನ್ನೂ ಸರಿಪಡಿಸುವುದು. 7ರ ಬಫರ್ ಸೊನ್ನೆಯ ಕೆಲಸ ಮಾಡುತ್ತದೆ, 4ರ ಬಫರ್ ತೂಕದ ಬಟ್ಟಿನ ಕೆಲಸ ಮಾಡುತ್ತದೆ.

ಬಫರ್: ಮೊದಲ ಎಡವಟ್ಟು ಆಗುವುದೇ ಇಲ್ಲಿ

ನಮಗೆ ಬೇಕಾಗಿರುವುದು ಎರಡೇ ಬಫರ್: 7 ಮತ್ತು 4. ನಮ್ಮ ಟ್ಯಾಂಕಿನ ಪಿಎಚ್ ಇವೆರಡರ ನಡುವೆ ಬರುತ್ತದೆ, ಅಷ್ಟು ಸಾಕು. 10ರ ಬಫರ್ ಪೆಟ್ಟಿಗೆಯಲ್ಲಿ ಬಂದಿದ್ದರೂ ಹೈಡ್ರೋಪೋನಿಕ್ಸ್‌ಗೆ ಅದರ ಅಗತ್ಯ ಇಲ್ಲ. ಜೊತೆಗೆ ಅದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಬೇಗ ಕೆಳಗಿಳಿಯುತ್ತದೆ.

ಪುಡಿಯ ಪ್ಯಾಕೆಟ್ ಬಳಸುವವರು ಪ್ಯಾಕೆಟ್ ಮೇಲಿನ ಅಂಕಿಯನ್ನು ಸರಿಯಾಗಿ ಓದಬೇಕು. ಮಾರುಕಟ್ಟೆಯಲ್ಲಿ ಎರಡು ಬಗೆಯ ಬಫರ್ ಇವೆ. ಒಂದು 7.00, ಇನ್ನೊಂದು 6.86. ಕೆಲವು ಮೀಟರ್‌ಗಳು 7.00 ಮಾತ್ರ ಗುರುತಿಸುತ್ತವೆ, ಕೆಲವು 6.86 ಮಾತ್ರ, ಕೆಲವಕ್ಕೆ ಸೆಟ್ಟಿಂಗ್‌ನಲ್ಲಿ ಆಯ್ಕೆ ಇರುತ್ತದೆ. 6.86ರ ದ್ರಾವಣಕ್ಕೆ ಅದ್ದಿ ಮೀಟರಿಗೆ 'ಇದು 7.00' ಅಂತ ಕಲಿಸಿದರೆ ಅಲ್ಲೇ 0.14 ತಪ್ಪು ಸೇರಿಕೊಳ್ಳುತ್ತದೆ. ಆಮೇಲೆ ಎಷ್ಟು ಜಾಗ್ರತೆಯಿಂದ ಅಳೆದರೂ ಆ ತಪ್ಪು ಹೋಗುವುದಿಲ್ಲ. ಮೀಟರಿನ ಕೈಪಿಡಿ ತೆಗೆದು ಅದು ಯಾವ ಬಫರ್ ಕೇಳುತ್ತದೆ ಅಂತ ಒಮ್ಮೆ ನೋಡಿಬಿಡಿ.

ಪುಡಿಯನ್ನು ಡಿಸ್ಟಿಲ್ಡ್ ವಾಟರ್‌ನಲ್ಲೇ ಕರಗಿಸಿ, ನಲ್ಲಿ ನೀರಿನಲ್ಲಿ ಬೇಡ. ಎಷ್ಟು ನೀರು ಅಂತ ಪ್ಯಾಕೆಟ್ ಮೇಲೆ ಬರೆದಿರುತ್ತದೆ, ಹೆಚ್ಚಾಗಿ 250 ಮಿಲಿಲೀಟರ್. ಪೂರ್ತಿ ಕರಗಲಿ. ಪ್ಯಾಕೆಟ್ ಮೂಲೆಯಲ್ಲಿ ಪುಡಿ ಉಳಿಯದಂತೆ ನೋಡಿಕೊಳ್ಳಿ. ಬಾಟಲಿಯ ಮೇಲೆ ತೆರೆದ ತಾರೀಕು ಬರೆಯಿರಿ. ಬಳಸುವಾಗ ಚಿಕ್ಕ ಕಪ್ಪಿಗೆ ಸ್ವಲ್ಪ ಸುರಿದುಕೊಳ್ಳಿ. ಬಾಟಲಿಯ ಒಳಗೇ ಮೀಟರ್ ಅದ್ದಬೇಡಿ, ಬಳಸಿದ್ದನ್ನು ಮತ್ತೆ ಬಾಟಲಿಗೆ ಸುರಿಯಬೇಡಿ. ಆ ಎರಡು ಚಮಚ ದ್ರಾವಣ ಉಳಿಸಲು ಹೋಗಿ ಇಡೀ ಬಾಟಲಿ ಹಾಳಾಗುತ್ತದೆ. ಮಂಕಾಗಿದ್ದರೆ, ತೇಲುವ ಎಳೆಗಳು ಕಂಡರೆ, ಮರುಮಾತಿಲ್ಲದೆ ಚೆಲ್ಲಿ.

ಬಫರಿನ ಪಿಎಚ್ ಕೂಡ ಬಿಸಿಗೆ ತಕ್ಕಂತೆ ಬದಲಾಗುತ್ತದೆ. 25 ಡಿಗ್ರಿಯಲ್ಲಿ 7.00 ಇರುವುದು 20 ಡಿಗ್ರಿಯಲ್ಲಿ 7.02, 30 ಡಿಗ್ರಿಯಲ್ಲಿ 6.99 ಆಗುತ್ತದೆ. 4.01 ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ತಾನೇ ಬಫರ್ ಗುರುತಿಸುವ ಮೀಟರ್‌ಗಳಲ್ಲಿ ಈ ಲೆಕ್ಕ ಸಾಮಾನ್ಯವಾಗಿ ಒಳಗೇ ಇರುತ್ತದೆ. ಸ್ಕ್ರೂ ತಿರುಗಿಸಿ ಹೊಂದಿಸುವ ಮೀಟರ್ ಆದರೆ ಬಾಟಲಿಯ ಮೇಲಿನ ಪಟ್ಟಿ ನೋಡಿ ನೀವೇ ಹೊಂದಿಸಬೇಕು.

ಮೀಟರಿನಲ್ಲಿ ಎಟಿಸಿ (ಬಿಸಿಗೆ ತಕ್ಕಂತೆ ರೀಡಿಂಗನ್ನು ತಾನೇ ಹೊಂದಿಸುವ ವ್ಯವಸ್ಥೆ) ಇದೆಯಲ್ಲ, ಸಾಕಲ್ವಾ ಅಂತ ಕೇಳಬಹುದು. ಎಟಿಸಿ ಸರಿಪಡಿಸುವುದು ಎಲೆಕ್ಟ್ರೋಡಿನ ಸ್ಲೋಪನ್ನು ಮಾತ್ರ. ದ್ರಾವಣದ ಪಿಎಚ್ ಬಿಸಿಗೆ ಬದಲಾದರೆ ಅದನ್ನು ಹಿಂದಕ್ಕೆ ತರುವುದಿಲ್ಲ. ನನ್ನನ್ನು ಕೇಳಿದರೆ, ನಮ್ಮ ಕೆಲಸಕ್ಕೆ ಎಟಿಸಿ ದೊಡ್ಡ ವಿಷಯವಲ್ಲ. ಪಿಎಚ್ 6ರ ಹತ್ತಿರ 10 ಡಿಗ್ರಿ ವ್ಯತ್ಯಾಸ ಇದ್ದರೂ ಸ್ಲೋಪಿನಿಂದ ಬರುವ ತಪ್ಪು ಸುಮಾರು 0.03 ಅಷ್ಟೇ. ಕೊಳೆ ಹಿಡಿದ ಬಲ್ಬ್ ಅದಕ್ಕಿಂತ ಎಷ್ಟೋ ಪಟ್ಟು ದಾರಿ ತಪ್ಪಿಸುತ್ತದೆ.

ಕ್ಯಾಲಿಬ್ರೇಷನ್, ಹಂತ ಹಂತವಾಗಿ

ಎರಡು ಬಫರ್, ಡಿಸ್ಟಿಲ್ಡ್ ವಾಟರ್, ನಾಲ್ಕು ಚಿಕ್ಕ ಕಪ್, ಮೆತ್ತನೆಯ ಟಿಶ್ಯೂ, ಒಂದು ನೋಟ್‌ಬುಕ್. ಇಷ್ಟು ಮುಂದಿಟ್ಟುಕೊಂಡು ಕೂರಿ. ಒಟ್ಟು ಹತ್ತು ನಿಮಿಷದ ಕೆಲಸ.

1. ಬಫರ್ ಮತ್ತು ಮೀಟರ್ ಎರಡೂ ಕೋಣೆಯ ಬಿಸಿಗೆ ಬರಲಿ. ಫ್ರಿಜ್‌ನಿಂದ ಆಗಷ್ಟೇ ತೆಗೆದ ಬಫರ್ ಬೇಡ.

2. ಮುಚ್ಚಳ ತೆಗೆದು ಬಲ್ಬನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆಯಿರಿ. ಸುತ್ತ ಬಿಳಿ ಉಪ್ಪು ಕಟ್ಟಿದ್ದರೆ ಹೆದರಬೇಡಿ. ಅದು ಒಣಗಿದ ಪೊಟ್ಯಾಸಿಯಂ ಕ್ಲೋರೈಡ್, ತೊಳೆದರೆ ಹೋಗುತ್ತದೆ.

3. ಟಿಶ್ಯೂವನ್ನು ಬಲ್ಬಿಗೆ ಮೆಲ್ಲಗೆ ತಾಗಿಸಿ ನೀರಿನ ಹನಿ ತೆಗೆಯಿರಿ. ಉಜ್ಜಬೇಡಿ. ಉಜ್ಜಿದರೆ ಗಾಜಿನ ಮೇಲೆ ಸ್ಥಿರ ವಿದ್ಯುತ್ ಕೂರುತ್ತದೆ. ಆಮೇಲೆ ರೀಡಿಂಗ್ ಬಹಳ ಹೊತ್ತು ಅಲೆದಾಡುತ್ತದೆ. ಗಾಜು ಗೀರು ಬೀಳುವ ಅಪಾಯ ಬೇರೆ.

4. ಕ್ಯಾಲಿಬ್ರೇಷನ್ ಬಟನ್ ಒತ್ತುವ ಮುಂಚೆ, ಸುಮ್ನೆ 7ರ ಬಫರಿಗೆ ಅದ್ದಿ ಎಷ್ಟು ತೋರಿಸುತ್ತದೆ ನೋಡಿ. ತೊಳೆದು 4ರ ಬಫರ್‌ನಲ್ಲೂ ನೋಡಿ. ಎರಡೂ ಅಂಕಿಯನ್ನು ತಾರೀಕಿನ ಜೊತೆ ಬರೆದಿಡಿ.

5. ಮತ್ತೆ ತೊಳೆದು 7ರ ಬಫರಿಗೆ ಅದ್ದಿ. ಬಲ್ಬ್ ಮತ್ತು ಜಂಕ್ಷನ್ ಎರಡೂ ಮುಳುಗಿರಲಿ. ಒಂದೆರಡು ಸಲ ಮೆಲ್ಲಗೆ ಅಲ್ಲಾಡಿಸಿ ಗಾಳಿಗುಳ್ಳೆ ಬಿಡಿಸಿ. ರೀಡಿಂಗ್ ನಿಲ್ಲಲಿ, ಒಂದು ನಿಮಿಷ ತಾಳ್ಮೆಯಿಂದ ಕಾಯಿರಿ. ಆಮೇಲೆ ಕ್ಯಾಲಿಬ್ರೇಷನ್ ಒಪ್ಪಿಸಿ.

6. ತೊಳೆದು, ಹನಿ ತೆಗೆದು, 4ರ ಬಫರ್‌ನಲ್ಲಿ ಅದೇ ಕೆಲಸ ಮಾಡಿ.

7. ಕೊನೆಗೆ ಹೊಸ ಕಪ್ಪಿನಲ್ಲಿ ತಾಜಾ 7ರ ಬಫರ್ ಹಾಕಿ ಮತ್ತೊಮ್ಮೆ ಅಳೆಯಿರಿ. 6.95ರಿಂದ 7.05ರ ಒಳಗೆ ಬಂದರೆ ಸರಿ. ಬರದಿದ್ದರೆ ಎಲ್ಲವನ್ನೂ ಇನ್ನೊಮ್ಮೆ ಮಾಡಿ.

ನಾಲ್ಕನೆಯ ಹಂತವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನನಗೆ ಮಾತ್ರ ಅದೇ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಕ್ಯಾಲಿಬ್ರೇಷನ್ ಮಾಡಿದ ತಕ್ಷಣ ಹಳೆಯ ತಪ್ಪು ಅಳಿಸಿಹೋಗುತ್ತದೆ. ಕಳೆದ ಎರಡು ವಾರ ನೀವು ಟ್ಯಾಂಕಿನಲ್ಲಿ ಓದಿದ ಅಂಕಿಗಳು ಎಷ್ಟು ನಿಜ ಅಂತ ತಿಳಿಯಲು ಆ ಮುಂಚಿನ ರೀಡಿಂಗ್ ಬಿಟ್ಟರೆ ಬೇರೆ ದಾರಿ ಇಲ್ಲ. ನಾಲ್ಕೈದು ಸಲ ಬರೆದ ಮೇಲೆ ನಿಮ್ಮ ಮೀಟರಿನ ಸ್ವಭಾವ ಗೊತ್ತಾಗುತ್ತದೆ. ವಾರಕ್ಕೆ 0.05 ಜಾರುವ ಮೀಟರ್ ಇದ್ದಕ್ಕಿದ್ದಂತೆ 0.3 ಜಾರಿದರೆ, ಏನೋ ಆಗಿದೆ ಅಂತಲೇ ಅರ್ಥ.

ಸ್ಲೋಪ್ ಲೆಕ್ಕ

ಮೀಟರ್ ಮಿಲಿವೋಲ್ಟ್ ತೋರಿಸುವಂಥದ್ದಾದರೆ ಎಲೆಕ್ಟ್ರೋಡಿನ ಆರೋಗ್ಯವನ್ನು ನೀವೇ ಲೆಕ್ಕ ಹಾಕಬಹುದು. 7.00 ಬಫರ್‌ನಲ್ಲಿ ಮೈನಸ್ 8, 4.01 ಬಫರ್‌ನಲ್ಲಿ 162 ಮಿಲಿವೋಲ್ಟ್ ಬಂತು ಅಂದುಕೊಳ್ಳಿ. ಎರಡರ ಅಂತರ 170. ಪಿಎಚ್ ಅಂತರ 2.99. 170ನ್ನು 2.99ರಿಂದ ಭಾಗಿಸಿದರೆ 56.9. ಅದನ್ನು 59.16ರಿಂದ ಭಾಗಿಸಿದರೆ ಶೇ. 96. ಒಳ್ಳೆಯ ಎಲೆಕ್ಟ್ರೋಡ್.

ಶೇ. 95ಕ್ಕಿಂತ ಮೇಲಿದ್ದರೆ ನಿಶ್ಚಿಂತೆ. 90ರ ಆಸುಪಾಸಿಗೆ ಇಳಿದರೆ ತೊಳೆದು ನೋಡಿ. ತೊಳೆದ ಮೇಲೂ 85ಕ್ಕಿಂತ ಕೆಳಗೇ ಉಳಿದರೆ ಹೊಸದು ತರುವ ಸಮಯ. 7ರ ಬಫರ್‌ನಲ್ಲಿ ಸೊನ್ನೆಯಿಂದ 30 ಮಿಲಿವೋಲ್ಟ್‌ಗಿಂತ ಹೆಚ್ಚು ಆಚೀಚೆ ಹೋಗಿದ್ದರೂ ಹಾಗೆಯೇ. ಆಗ ರೆಫರೆನ್ಸ್ ಕಡೆ ತೊಂದರೆ ಇರುವ ಸಂಭವ ಜಾಸ್ತಿ.

ಮಿಲಿವೋಲ್ಟ್ ಕಾಣದ ಪೆನ್ ಮೀಟರಿನಲ್ಲಿ ನಾಲ್ಕನೆಯ ಹಂತದ ಎರಡು ಅಂಕಿಗಳನ್ನೇ ನೋಡಿ. ಅವುಗಳ ಅಂತರ 3ರ ಹತ್ತಿರ ಇರಬೇಕು. ಎರಡೂ ಒಂದೇ ಕಡೆಗೆ ಒಂದೇ ಅಳತೆಯಲ್ಲಿ ಜಾರಿದ್ದರೆ ಅದು ಆಫ್‌ಸೆಟ್. ಅಂತರವೇ 2.7, 2.6 ಅಂತ ಕುಗ್ಗಿದ್ದರೆ ಕಳೆದ ಕ್ಯಾಲಿಬ್ರೇಷನ್ ಆದಮೇಲೆ ಗಾಜು ಮಂದವಾಗಿದೆ ಅಥವಾ ಕೊಳೆ ಹಿಡಿದಿದೆ.

ಎಷ್ಟು ದಿನಕ್ಕೊಮ್ಮೆ ಕ್ಯಾಲಿಬ್ರೇಷನ್ ಮಾಡಬೇಕು? ದಿನಾ ಬಳಸುವ ಪೆನ್ ಮೀಟರಿಗೆ ವಾರಕ್ಕೊಮ್ಮೆ. ಹಾಗೆಯೇ ಹೊಸದು ತಂದಾಗ, ತೊಳೆದಾಗ, ಬಹಳ ದಿನ ಬಿಟ್ಟು ತೆಗೆದಾಗ, ಕೆಳಗೆ ಬಿದ್ದಾಗ. ಟ್ಯಾಂಕಿನಲ್ಲೇ ಸದಾ ಮುಳುಗಿರುವ ಪ್ರೋಬ್ ಇದ್ದು, ಅದು ಹೇಳಿದಂತೆ ಪಂಪ್ ತಾನಾಗಿ ಆಸಿಡ್ ಹಾಕುವ ವ್ಯವಸ್ಥೆ ಇದ್ದರೆ ಇನ್ನೂ ಎಚ್ಚರ ಬೇಕು. ಪ್ರೋಬ್ 0.8 ಜಾಸ್ತಿ ತೋರಿಸಿದರೆ ಪಂಪ್ ಆ ತಪ್ಪನ್ನು ನಂಬಿ ಆಸಿಡ್ ಸುರಿಯುತ್ತಲೇ ಹೋಗುತ್ತದೆ. ಅಂಥ ಕಡೆ ದಿನಕ್ಕೆ ಇಷ್ಟೇ ಆಸಿಡ್ ಅಂತ ಮಿತಿ ಇಡಿ. ಕೈ ಮೀಟರಿನಲ್ಲಿ ಎರಡು ದಿನಕ್ಕೊಮ್ಮೆ ತಾಳೆ ನೋಡಿ.

ತೇವದಲ್ಲೇ ಇಡಿ, ಆದರೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಬೇಡ

ಮೀಟರ್ ಬೇಗ ಸಾಯುವುದು ಬಳಸುವಾಗ ಅಲ್ಲ, ಇಟ್ಟಲ್ಲೇ. ಮುಚ್ಚಳದ ಒಳಗಿನ ಸ್ಪಾಂಜ್ ಒಣಗಿರುತ್ತದೆ, ನಾವು ಗಮನಿಸಿರುವುದಿಲ್ಲ.

ಇಡಲು ಸರಿಯಾದ ದ್ರಾವಣ 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್. ಸ್ಟೋರೇಜ್ ಸೊಲ್ಯೂಷನ್ ಅಂತ ಸಿಗುತ್ತದೆ. ಶುದ್ಧವಾದ ಪೊಟ್ಯಾಸಿಯಂ ಕ್ಲೋರೈಡ್ ಇದ್ದರೆ ನೀವೇ ಮಾಡಿಕೊಳ್ಳಬಹುದು. 22.4 ಗ್ರಾಂ ಉಪ್ಪನ್ನು ಸ್ವಲ್ಪ ಡಿಸ್ಟಿಲ್ಡ್ ವಾಟರ್‌ನಲ್ಲಿ ಕರಗಿಸಿ, ಒಟ್ಟು 100 ಮಿಲಿಲೀಟರ್ ಆಗುವವರೆಗೆ ನೀರು ತುಂಬಿಸಿ. ಗೊಬ್ಬರವಾಗಿ ಸಿಗುವ ಕೆಂಪು ಪೊಟ್ಯಾಷ್ ಇದಕ್ಕೆ ಆಗುವುದಿಲ್ಲ, ಅದರಲ್ಲಿ ಕಲ್ಮಷ ಇರುತ್ತದೆ. ಮುಚ್ಚಳಕ್ಕೆ ಕೆಲವು ಹನಿ ಹಾಕಿ, ಬಲ್ಬ್ ತೇವದಲ್ಲಿರುವಂತೆ ಮುಚ್ಚಿ. ಮೀಟರನ್ನು ನೆಟ್ಟಗೆ ನಿಲ್ಲಿಸಿ, ಬಲ್ಬ್ ಕೆಳಗಿರಲಿ. ಬಿಸಿಲು ಬೀಳದ ಜಾಗ ಹುಡುಕಿ.

ಡಿಸ್ಟಿಲ್ಡ್ ಅಥವಾ ಆರ್‌ಒ ನೀರು ಶುದ್ಧ, ಅದರಲ್ಲಿಟ್ಟರೆ ಒಳ್ಳೆಯದು ಅಂತ ಅನ್ನಿಸುವುದು ಸಹಜ. ಆದರೆ ಉಪ್ಪಿಲ್ಲದ ಆ ನೀರು ರೆಫರೆನ್ಸ್ ಒಳಗಿನ ಉಪ್ಪನ್ನು ಜಂಕ್ಷನ್ ಮೂಲಕ ಎಳೆದುಕೊಳ್ಳುತ್ತದೆ. ತೊಳೆಯಲು ಅದು ಚೆನ್ನ, ಇಡಲು ಕೆಟ್ಟದ್ದು. ಸ್ಟೋರೇಜ್ ದ್ರಾವಣ ಮುಗಿದಿದ್ದರೆ 4ರ ಬಫರ್‌ನಲ್ಲಿ ಕೆಲವು ದಿನ ಇಡಬಹುದು. ಅದೂ ಇಲ್ಲದಿದ್ದರೆ ಒಂದು ರಾತ್ರಿಯ ಮಟ್ಟಿಗೆ ನಲ್ಲಿ ನೀರೇ ವಾಸಿ.

ಒಣಗಿಹೋದ ಮೀಟರನ್ನು ಕೂಡಲೇ ಎಸೆಯಬೇಡಿ. ಸ್ಟೋರೇಜ್ ದ್ರಾವಣದಲ್ಲಿ ಒಂದು ಇಡೀ ದಿನ ನೆನೆಸಿ, ಕ್ಯಾಲಿಬ್ರೇಷನ್ ಮಾಡಿ ನೋಡಿ. ಎಷ್ಟೋ ಸಲ ಜೀವ ಬರುತ್ತದೆ.

ತೊಳೆಯುವುದು

ಹೈಡ್ರೋಪೋನಿಕ್ಸ್ ಟ್ಯಾಂಕಿನಲ್ಲಿ ಬಲ್ಬಿಗೆ ಎರಡು ಬಗೆಯ ಕೊಳೆ ಹಿಡಿಯುತ್ತದೆ: ಪಾಚಿ, ಲೋಳೆ ಒಂದು ಕಡೆ, ಗೊಬ್ಬರ ಮತ್ತು ಗಡಸು ನೀರಿನ ಬಿಳಿ ಪದರ ಇನ್ನೊಂದು ಕಡೆ. ಎರಡಕ್ಕೂ ಮದ್ದು ಬೇರೆ.

ಲೋಳೆ, ಜಿಡ್ಡಿಗೆ ಪಾತ್ರೆ ತೊಳೆಯುವ ಲಿಕ್ವಿಡ್ಡಿನ ಎರಡು ಹನಿಯನ್ನು ಒಂದು ಕಪ್ ಉಗುರುಬೆಚ್ಚಗಿನ ನೀರಿಗೆ ಬೆರೆಸಿ. ಅದರಲ್ಲಿ ಹತ್ತು ನಿಮಿಷ ಅಲ್ಲಾಡಿಸಿ ನೆನೆಸಿ. ತೀರಾ ಅಂಟಿದ್ದರೆ ಮಕ್ಕಳ ಮೆತ್ತನೆಯ ಟೂತ್ ಬ್ರಷ್ ಅನ್ನು ಬಲ್ಬಿನ ಸುತ್ತ ಮಾತ್ರ ಆಡಿಸಿ, ಗಾಜಿನ ಮೇಲೆ ಬೇಡ. ಬಿಳಿ ಪದರಕ್ಕೆ ಬಿಳಿ ವಿನೆಗರ್ ಸಾಕು. ಐದರಿಂದ ಹತ್ತು ನಿಮಿಷ ಅದ್ದಿಡಿ. ಎರಡೂ ಇದ್ದರೆ ಮೊದಲು ಸೋಪು, ಆಮೇಲೆ ವಿನೆಗರ್, ನಡುವೆ ಚೆನ್ನಾಗಿ ನೀರು. ಬ್ಲೀಚ್ ಮತ್ತು ವಿನೆಗರ್ ಯಾವತ್ತೂ ಬೆರೆಯಬಾರದು, ವಿಷದ ಕ್ಲೋರಿನ್ ಅನಿಲ ಬರುತ್ತದೆ.

ತೊಳೆದ ಕೂಡಲೇ ಅಳೆಯಲು ಹೋಗಬೇಡಿ. ಸ್ಟೋರೇಜ್ ದ್ರಾವಣದಲ್ಲಿ ಕನಿಷ್ಠ ಒಂದು ಗಂಟೆ ನೆನೆಸಿ, ಆಮೇಲೆ ಕ್ಯಾಲಿಬ್ರೇಷನ್ ಮಾಡಿ.

ಟ್ಯಾಂಕಿನಲ್ಲಿ ಅಳೆಯುವಾಗ

ಗೊಬ್ಬರ ಹಾಕಿದ ಮೇಲೆ ಪಿಎಚ್ ಹೊಂದಿಸಿ, ಮುಂಚೆ ಅಲ್ಲ. ಗೊಬ್ಬರವೇ ಪಿಎಚ್ ಬದಲಿಸುತ್ತದೆ. ಬರೀ ಆರ್‌ಒ ನೀರಿನಲ್ಲಂತೂ ಅಯಾನುಗಳು ಎಷ್ಟು ಕಡಿಮೆ ಅಂದರೆ, ಒಳ್ಳೆಯ ಮೀಟರ್ ಕೂಡ ಅಲೆದಾಡುತ್ತದೆ. ಅದನ್ನು ನೋಡಿ ಮೀಟರ್ ಕೆಟ್ಟಿದೆ ಅಂತ ತೀರ್ಮಾನಿಸಬೇಡಿ.

ನೇರವಾಗಿ ಟ್ಯಾಂಕಿಗೆ ಅದ್ದುವ ಬದಲು ಒಂದು ಕಪ್ಪಿನಲ್ಲಿ ನೀರು ತೆಗೆದುಕೊಂಡು ಅಳೆಯುವುದು ನನ್ನ ಅಭ್ಯಾಸ. ಮೀಟರ್ ಕೈಜಾರಿ ಟ್ಯಾಂಕಿಗೆ ಬೀಳುವುದಿಲ್ಲ. ಬಲ್ಬ್ ಒಡೆದರೂ ಗಾಜು ಬೇರುಗಳ ನಡುವೆ ಸೇರುವುದಿಲ್ಲ. ಅದೇ ಕಪ್ಪಿನಲ್ಲಿ ಇಸಿ (ನೀರಿನಲ್ಲಿ ಕರಗಿದ ಉಪ್ಪಿನಂಶ ತಿಳಿಸುವ ವಿದ್ಯುತ್ ವಾಹಕತೆ) ಕೂಡ ಅಳೆಯುವುದಾದರೆ ಮೊದಲು ಇಸಿ, ಆಮೇಲೆ ಪಿಎಚ್. ಪಿಎಚ್ ಮೀಟರಿಗೆ ಅಂಟಿದ ಸ್ಟೋರೇಜ್ ದ್ರಾವಣದ ಒಂದು ಹನಿ ಚಿಕ್ಕ ಕಪ್ಪಿನ ಇಸಿಯನ್ನು ಏರಿಸಿಬಿಡುತ್ತದೆ.

ಕಪ್ಪಿನಲ್ಲಿ ಅಳೆದಾಗ ಒಂದು ಅಂಕಿ, ಟ್ಯಾಂಕಿನಲ್ಲಿ ಅದ್ದಿದಾಗ ಇನ್ನೊಂದು ಅಂಕಿ ಬರುತ್ತಿದೆಯೇ? ನೀರಿನಲ್ಲಿರುವ ಪಂಪ್ ಅಥವಾ ಹೀಟರ್ ಕಡೆ ಅನುಮಾನ ಪಡಿ. ಅವುಗಳಿಂದ ಸೋರುವ ವಿದ್ಯುತ್ ಮೀಟರನ್ನು ದಾರಿ ತಪ್ಪಿಸುತ್ತದೆ. ಪ್ಲಗ್ ಕಿತ್ತು ಮತ್ತೆ ಅಳೆಯಿರಿ. ಆಗ ಅಂಕಿ ಸರಿಹೋದರೆ ಆ ಪಂಪಿನ ಇನ್ಸುಲೇಷನ್ ಪರೀಕ್ಷಿಸುವವರೆಗೂ ಅದನ್ನು ಬಳಸಬೇಡಿ. ಪ್ಲಗ್ ಕೀಳದೆ ನೀರಿಗೆ ಕೈ ಹಾಕಲೇಬೇಡಿ. ಇಲ್ಲಿ ಮೀಟರಿಗಿಂತ ನಿಮ್ಮ ಜೀವದ ಪ್ರಶ್ನೆ ಇದೆ.

ಬೇರೆ ಕೆಲವು ಲಕ್ಷಣಗಳು

ಯಾವ ದ್ರಾವಣಕ್ಕೆ ಅದ್ದಿದರೂ 7ರ ಹತ್ತಿರವೇ ನಿಂತರೆ ಬಲ್ಬ್ ಸೀಳಿರಬಹುದು, ಅಥವಾ ಒಳಗೆ ತೇವ ಹೋಗಿ ಶಾರ್ಟ್ ಆಗಿರಬಹುದು. ಬೆಳಕಿಗೆ ಹಿಡಿದು ಬಲ್ಬ್ ನೋಡಿ. ಸೀಳಿದ ಗಾಜಿಗೆ ರಿಪೇರಿ ಇಲ್ಲ. ಬಲ್ಬಿನ ಒಳಗೆ ಗಾಳಿಗುಳ್ಳೆ ಕಂಡರೆ, ಜ್ವರ ನೋಡುವ ಹಳೆಯ ಪಾದರಸದ ಥರ್ಮಾಮೀಟರ್ ಕೊಡವುವ ಹಾಗೆ ಕೆಳಮುಖವಾಗಿ ಕೊಡವಿ.

ರೀಡಿಂಗ್ ನಿಲ್ಲಲು ಎರಡು ಮೂರು ನಿಮಿಷ ಬೇಕಾಗುತ್ತಿದ್ದರೆ ಜಂಕ್ಷನ್ ಕಟ್ಟಿದೆ ಅಥವಾ ಗಾಜು ಕೊಳೆಯಾಗಿದೆ, ತೊಳೆಯಿರಿ. ನೀರು ತಣ್ಣಗಿದ್ದರೂ ನಿಧಾನ ಆಗುತ್ತದೆ. ಡಿಸ್ಪ್ಲೇ ಮಂಕಾಗಿ ಅಂಕಿಗಳು ಸುಮ್ಮನೆ ಕುಣಿಯುತ್ತಿದ್ದರೆ ಮೊದಲು ಬ್ಯಾಟರಿ ಬದಲಿಸಿ.

ಅನುಮಾನ ಬಂದಾಗ ನೋಡಲು ಒಂದು ಡ್ರಾಪ್ ಟೆಸ್ಟ್ ಕಿಟ್ ಮನೆಯಲ್ಲಿರಲಿ. ನೀರಿಗೆ ಹನಿ ಹಾಕಿ ಬಣ್ಣ ಹೋಲಿಸುವುದು, ಅಷ್ಟೇ. ಅದು 0.5ರ ಆಸುಪಾಸಿನ ಅಂದಾಜು ಮಾತ್ರ ಕೊಡುತ್ತದೆ. ಆದರೆ ಅದಕ್ಕೆ ಬ್ಯಾಟರಿ ಬೇಡ, ಕ್ಯಾಲಿಬ್ರೇಷನ್ ಬೇಡ. ನನ್ನ ಲೆಟಿಸ್ ಟ್ಯಾಂಕಿನ 6.9ನ್ನು ಅದು ಮೊದಲ ದಿನವೇ ತೋರಿಸಿಬಿಡುತ್ತಿತ್ತು.

ಎಷ್ಟು ಚೆನ್ನಾಗಿ ನೋಡಿಕೊಂಡರೂ ಎಲೆಕ್ಟ್ರೋಡ್ ಸಾಮಾನ್ಯವಾಗಿ ಒಂದರಿಂದ ಎರಡು ವರ್ಷ ಬಾಳುತ್ತದೆ. ಶೆಲ್ಫಿನಲ್ಲಿ ಕೂತರೂ ಅದಕ್ಕೆ ವಯಸ್ಸಾಗುತ್ತದೆ, ಹಾಗಾಗಿ ವರ್ಷಗಳಿಗಾಗುವಷ್ಟು ಮುಂಚೆಯೇ ಕೊಂಡಿಡಬೇಡಿ. ಮೀಟರ್ ಕೊಳ್ಳುವಾಗ ಎಲೆಕ್ಟ್ರೋಡ್ ಬಿಚ್ಚಿ ಬದಲಿಸಬಹುದಾದದ್ದನ್ನು ಆರಿಸಿ. ಗೊಬ್ಬರದ ನೀರಿಗೆ ಡಬಲ್ ಜಂಕ್ಷನ್ ಇರುವುದು ಮೇಲು, ಕೊಳೆ ಒಳಗಿನ ರೆಫರೆನ್ಸ್‌ವರೆಗೆ ಬೇಗ ತಲುಪುವುದಿಲ್ಲ. ಹೊಸದು ಬಂದ ದಿನ ಮೊದಲು ನೆನೆಸಿ, ಕ್ಯಾಲಿಬ್ರೇಷನ್ ಮಾಡಿ. ಅದರ ಸ್ಲೋಪ್ ಮತ್ತು ತಾರೀಕನ್ನು ನೋಟ್‌ಬುಕ್ಕಿನ ಹೊಸ ಪುಟದಲ್ಲಿ ಬರೆದಿಡಿ.